ಬರೀ ಕಲ್ಲು, ಬರೀ ನೀರು

ಜನವರಿ 9

ಪ್ರೀತಿಯ ಅಕ್ಕ,

ಫೋನ್ ಮಾಡಿದರೆ ಅಮ್ಮ ನಿನ್ನ ಕೈಯಿಂದ ಕಸಿದುಕೊಳ್ಳುತ್ತಾಳೆ. ನಾನು ಸರಿಯಾಗಿ ಊಟ ಮಾಡುತ್ತೇನೋ ಇಲ್ಲವೋ ಎಂಬಲ್ಲಿಗೆ ಮಾತು ಮುಗಿದುಹೋಗುತ್ತದೆ. ಅದಕ್ಕೇ ಈ ಕಾಗದ.

ಸುದ್ದಿ ನಿಮ್ಮ ಪೇಪರಿನಲ್ಲೂ ಬಂದಿರಬೇಕು. ಎರಡು ವರ್ಷದಿಂದ ನಾನು ಬೆನ್ನು ಹತ್ತಿದ್ದ ಆ ಗ್ರಹ, ಒಂದು ಸಣ್ಣ ಕೆಂಪು ನಕ್ಷತ್ರವನ್ನು ಸುತ್ತುತ್ತದೆ ಎಂದಿದ್ದೆನಲ್ಲ, ಅದರ ಗಾಳಿಯಲ್ಲಿ ನಮಗೊಂದು ಅನಿಲ ಸಿಕ್ಕಿದೆ. ಗ್ರಹ ತನ್ನ ನಕ್ಷತ್ರದ ಮುಂದೆ ಹಾಯುವಾಗ ಅದರ ಗಾಳಿಯೊಳಗಿಂದ ತೂರಿ ಬಂದ ಬೆಳಕಿನಲ್ಲಿ ಆ ಅನಿಲದ ಗುರುತು ಇತ್ತು. ಗಂಧಕ ಬೆರೆತ ಅನಿಲ. ನಮ್ಮಲ್ಲಿ ಅದನ್ನು ಬಿಡುವುದು ಸಮುದ್ರದ ಪಾಚಿ. ಅಂದರೆ ಅಲ್ಲಿಯೂ ಏನೋ ಉಸಿರಾಡುತ್ತಿರಬಹುದು.

ಆದರೆ ನಮ್ಮ ಪ್ರಬಂಧವನ್ನು ಓದಿದ ಪರಿಶೀಲಕರೊಬ್ಬರು ಕೊಕ್ಕೆ ಹಾಕಿದ್ದಾರೆ. "ಜೀವವಿಲ್ಲದೆ, ಬರೀ ಕಲ್ಲು, ಬರೀ ನೀರು ಸೇರಿ ಈ ಅನಿಲ ಹುಟ್ಟುವುದಿಲ್ಲ ಎಂದು ತೋರಿಸಿ" ಎಂದು ಕೇಳಿದ್ದಾರೆ. ಅದನ್ನು ತೋರಿಸಬಲ್ಲ ಪೆಟ್ಟಿಗೆ ನಿನ್ನ ಪ್ರಯೋಗಾಲಯದಲ್ಲಿ ಇದೆ. ಕಲ್ಲಿನ ಪುಡಿ, ನೀರು, ನಾನು ಹೇಳುವ ಗಾಳಿಯ ಮಿಶ್ರಣ, ಕೆಂಪು ದೀಪ, ಇಷ್ಟೇ ಸಾಕು. ಇಪ್ಪತ್ತು ದಿನ ನಡೆಸಿ ಅನಿಲ ಬರಲಿಲ್ಲ ಎಂದು ಒಂದು ಹಾಳೆ ಬರೆದು ಕಳಿಸು. ಮೇ ತಿಂಗಳಲ್ಲಿ ದೊಡ್ಡ ಸಭೆ ಇದೆ, ಅಷ್ಟರೊಳಗೆ ಬೇಕು. ಬೇರೆ ಯಾರ ಕೈಯನ್ನೂ ನಾನು ನಂಬುವುದಿಲ್ಲ.

ನಿನ್ನ
ಗುಬ್ಬಿ


ಜನವರಿ 24

ಗುಬ್ಬಿ,

ಅಭಿನಂದನೆ. ಪೇಪರು ಬಂದ ದಿನ ಅಮ್ಮ ಅದನ್ನು ಕತ್ತರಿಸಿ ಊಟದ ಮೇಜಿನ ಗಾಜಿನ ಕೆಳಗೆ ಇಟ್ಟಿದ್ದಾಳೆ, ಸರಿಯಾಗಿ ನನ್ನ ತಟ್ಟೆ ಬರುವ ಜಾಗದಲ್ಲಿ. ಹದಿನೈದು ದಿನದಿಂದ ನಿನ್ನ ಮುಖದ ಮೇಲೆ ತಟ್ಟೆ ಇಟ್ಟು ಉಣ್ಣುತ್ತಿದ್ದೇನೆ. ಫೋಟೋದಲ್ಲಿ ನೀನು ಹೊದ್ದಿರುವುದು ನನ್ನ ಬೂದು ಬಣ್ಣದ ಶಾಲು. ನಿನಗೆ ಚೆನ್ನಾಗಿ ಒಪ್ಪುತ್ತದೆ.

ಮೊನ್ನೆ ಎದುರು ಮನೆಯವರು ಬಂದಿದ್ದರು. ಅಮ್ಮ ಅವರಿಗೆ ಸುದ್ದಿ ಹೇಳಿದ್ದನ್ನು ನೀನು ಕೇಳಬೇಕಿತ್ತು. "ನಮ್ಮ ಚಿಕ್ಕವಳು ಬೇರೆ ಲೋಕದಲ್ಲಿ ಜೀವ ಇರೋದನ್ನ ಕಂಡುಹಿಡಿದ್ಳು" ಎಂದಳು. ಅವರು ನನ್ನ ಕಡೆ ತಿರುಗಿ, "ಇವರೂ ಅದೇ ಕೆಲಸ ಅಲ್ವಾ?" ಎಂದರು. ಅಮ್ಮ ತಡವರಿಸಲಿಲ್ಲ. "ಇಲ್ಲಪ್ಪ, ಇವಳು ಕೆಳಗಡೆ ಒಂದು ರೂಮಲ್ಲಿ ಕೂತು ಮಣ್ಣು ಬೇಯಿಸ್ತಾಳೆ." ನಾನು ನಕ್ಕೆ. ಎಲ್ಲರೂ ನಕ್ಕರು.

ಮಣ್ಣು ಬೇಯಿಸುತ್ತೇನೆ, ನಿಜವೇ. ಕ್ರಿಮಿ ಸಾಯಲೆಂದು ಕಲ್ಲಿನ ಪುಡಿಯನ್ನು ಮೂರು ದಿನ ಕುಲುಮೆಯಲ್ಲಿ ಇಡಬೇಕು. ಆಮೇಲೆ ನೆಲಮಾಳಿಗೆಯ ಉಕ್ಕಿನ ಪೆಟ್ಟಿಗೆಗೆ ತುಂಬಿ, ಮುಚ್ಚಳದ ಹನ್ನೆರಡು ಬೋಲ್ಟು ಬಿಗಿದು, ಗಾಳಿ ಹೀರಿ, ನಿನ್ನ ಮಿಶ್ರಣ ತುಂಬಿ, ದೀಪ ಹಚ್ಚಬೇಕು. ದಿನವೂ ಬೆಳಿಗ್ಗೆ ಹತ್ತು ಗಂಟೆಗೆ ಒಂದು ಸೂಜಿ ಗಾಳಿ ತೆಗೆದು ಯಂತ್ರಕ್ಕೆ ಕೊಟ್ಟು ಅದು ಬರೆಯುವ ಗೀಟು ನೋಡಬೇಕು. ಅನಿಲ ಇದ್ದರೆ ಗೀಟು ಉಬ್ಬುತ್ತದೆ. ನಮ್ಮ ಮುಖ್ಯಸ್ಥರು ಒಪ್ಪಿದ್ದಾರೆ. ನಿನ್ನ ಹೆಸರು ಹೇಳಿದ್ದಕ್ಕೆ ಒಂದೇ ನಿಮಿಷದಲ್ಲಿ ಒಪ್ಪಿದರು. ಪೆಟ್ಟಿಗೆಗೊಂದು ಹೊಸ ಪಂಪು ಬೇಕೆಂದು ನಾನು ಕೇಳಿ ನಾಲ್ಕು ವರ್ಷವಾಯಿತು.

ಫೆಬ್ರವರಿ 3ಕ್ಕೆ ಶುರು ಮಾಡುತ್ತೇನೆ.

ಅಕ್ಕ


ಫೆಬ್ರವರಿ 26

ಅಕ್ಕ,

ಇಪ್ಪತ್ತು ದಿನ ಮುಗಿದು ಮೂರು ದಿನವಾಯಿತು. ಹಾಳೆ ಕಳಿಸಿದೆಯಾ? ನಮ್ಮ ಗಡ್ಡದ ಮೇಷ್ಟ್ರು (ಈ ತಂಡದ ಯಜಮಾನರು, ಎದುರಿಗೆ ಹಾಗೆ ಕರೆಯುವ ಧೈರ್ಯ ಯಾರಿಗೂ ಇಲ್ಲ) ದಿನಕ್ಕೆರಡು ಸಲ ಕೇಳುತ್ತಾರೆ.

ಶಾಲು ನಿನ್ನದಾ? ನನ್ನದೇ ಅಂದುಕೊಂಡಿದ್ದೆ.

ಗುಬ್ಬಿ


ಮಾರ್ಚ್ 3

ಗುಬ್ಬಿ,

ಮುಚ್ಚಳದ ರಬ್ಬರ್ ವಾಷರ್ ಸೋರುತ್ತಿತ್ತು. ಹೊರಗಿನ ಗಾಳಿ ಸೇರಿದ್ದರೆ ಲೆಕ್ಕ ಕೆಟ್ಟಂತೆಯೇ. ಹೊಸ ವಾಷರ್ ತರಿಸಿ ಮೊದಲಿನಿಂದ ಮಾಡಬೇಕು. ಸ್ವಲ್ಪ ತಡವಾಗುತ್ತದೆ. ನಿಮ್ಮ ಮೇಷ್ಟ್ರಿಗೆ ಕಾಯಲು ಹೇಳು.

ಅಮ್ಮ ಆರಾಮಾಗಿದ್ದಾಳೆ.

ಅಕ್ಕ


ಮಾರ್ಚ್ 19

ನನ್ನ ಬಡಪಾಯಿ ಅಕ್ಕ,

ನನಗಾಗಿ ನೀನು ಎಷ್ಟು ಒದ್ದಾಡುತ್ತಿದ್ದೀಯ. ಆ ಹಳೆಯ ಪೆಟ್ಟಿಗೆಯ ಜೊತೆ ಒಬ್ಬಳೇ ಗುದ್ದಾಡುವುದನ್ನು ನೆನೆದರೆ ಸಂಕಟವಾಗುತ್ತದೆ. ನಿನ್ನ ಕಾಗದ ಚಿಕ್ಕದಾಗಿತ್ತು. ದಣಿದಿದ್ದೀಯ, ಗೊತ್ತಾಗುತ್ತದೆ.

ಇಲ್ಲಿ ನನಗೆ ಉಸಿರಾಡಲು ಬಿಡುವಿಲ್ಲ. ಟಿವಿಯವರು ಬಂದಿದ್ದರು. ಒಂದು ಶಾಲೆಯ ಮಕ್ಕಳು ನನ್ನ ಗ್ರಹದ ಚಿತ್ರ ಬರೆದು ಕಳಿಸಿದ್ದಾರೆ, ಮೂವತ್ತೆರಡು ಚಿತ್ರ. ಎಲ್ಲದರಲ್ಲೂ ಯಾರೋ ಒಬ್ಬರು ಕೈ ಬೀಸುತ್ತಿದ್ದಾರೆ. ಒಂದರಲ್ಲಿ ಆರು ಕೈಗಳು.

ನಿನಗೊಂದು ಖುಷಿಯ ಮಾತು. ಪ್ರಬಂಧದ ಕೊನೆಯಲ್ಲಿ ಸಹಾಯ ಮಾಡಿದವರಿಗೆ ಕೃತಜ್ಞತೆ ಎಂದು ಒಂದು ಸಾಲು ಇರುತ್ತದಲ್ಲ, ಅಲ್ಲಿ ನಿನ್ನ ಹೆಸರು ಹಾಕಿಸಿದ್ದೇನೆ. ಮೇಷ್ಟ್ರು ಮೊದಲು ಹಿಂದೆಮುಂದೆ ನೋಡಿದರು. "ನಿಮ್ಮ ಅಕ್ಕ ಅಂದ್ರೆ, ಆ ಪೆಟ್ಟಿಗೆ ನೋಡ್ಕೊಳ್ಳೋರು ಅಲ್ವಾ?" ಎಂದರು. ನಾನು ಬಿಡಲಿಲ್ಲ. "ಹೌದು ಸರ್, ಆದ್ರೆ ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತಾಳೆ" ಎಂದೆ. ಒಪ್ಪಿದರು.

ಏಪ್ರಿಲ್ ಮೊದಲ ವಾರಕ್ಕಾದರೂ ಹಾಳೆ ಕೈ ಸೇರಲಿ.

ಗುಬ್ಬಿ


ಏಪ್ರಿಲ್ 5

ಗುಬ್ಬಿ,

ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಇದು ಐದನೆಯದು. ಹೇಗೆ ಬಂದರೂ ಇದನ್ನೇ ಕಳಿಸುತ್ತೇನೆ.

ವಾಷರ್ ಸೋರಲಿಲ್ಲ. ಅದು ಸುಳ್ಳು. ಪ್ರಯೋಗ ಫೆಬ್ರವರಿ 3ಕ್ಕೆ ಶುರುವಾದದ್ದು ಮಧ್ಯೆ ಒಮ್ಮೆಯೂ ನಿಂತಿಲ್ಲ. ಇಪ್ಪತ್ತನೆಯ ದಿನ ಗೀಟು ಚಪ್ಪಟೆಯಾಗಿತ್ತು. ನಿನ್ನ ಅನಿಲದ ಸುಳಿವಿರಲಿಲ್ಲ. ನೀನು ಬಯಸಿದ ಉತ್ತರ ಅದೇ. ಅಂದೇ ಹಾಳೆ ಬರೆದೆ, ಸಹಿ ಮಾಡಿದೆ, ಲಕೋಟೆಯಲ್ಲಿಟ್ಟು ಅಂಟಿಸಿದೆ. ಸಂಜೆ ಅಂಚೆಪೆಟ್ಟಿಗೆಯ ಮುಂದೆ ಸುಮಾರು ಹೊತ್ತು ನಿಂತಿದ್ದೆ. ಹಾಕದೆ ಮನೆಗೆ ಬಂದೆ.

ಯಾಕೆ ಎಂದು ನಿನಗೆ ಹೇಳಬೇಕು. ಹೊಟ್ಟೆಕಿಚ್ಚು. ಬೇರೆ ಹೆಸರು ಹುಡುಕಿದೆ, ಸಿಗಲಿಲ್ಲ. ನಿನ್ನ ಗೆಲುವಿಗೆ ಕೊನೆಯ ಕಲ್ಲು ಇಡುವ ಕೈ ನನ್ನದೇ ಆಗಬೇಕಲ್ಲ ಎಂದು ಮೈಯೆಲ್ಲ ಉರಿಯಿತು. ಒಂದು ವಾರ ಕಾಯಲಿ ಎಂದುಕೊಂಡೆ. ವಾರ ಕಳೆದ ಮೇಲೆ ಇನ್ನೊಂದು ವಾರ. ಸುಮ್ಮನೆ ಕೂರಲಾರದೆ ಪೆಟ್ಟಿಗೆಯನ್ನು ನಡೆಯಲು ಬಿಟ್ಟೆ. ದಿನವೂ ಹತ್ತು ಗಂಟೆಗೆ ಗಾಳಿ ತೆಗೆದೆ. ಗೀಟು ಮೇಲೇಳಲಿ ಎಂದು ಬಯಸುತ್ತ ತೆಗೆದೆ. ಅದನ್ನೂ ಬರೆದುಬಿಡುತ್ತೇನೆ.

ಮಾರ್ಚ್ 21, ನಲವತ್ತಾರನೆಯ ದಿನ. ಗೀಟಿನಲ್ಲಿ ಒಂದು ಸಣ್ಣ ಉಬ್ಬು. ಯಂತ್ರದ ತಪ್ಪೆಂದುಕೊಂಡು ಮೂರು ಸಲ ನೋಡಿದೆ. ಮಾರನೆಯ ದಿನ ಇನ್ನಷ್ಟು ದೊಡ್ಡದು. ನಿನ್ನೆಗೆ ಅರವತ್ತು ದಿನ. ಈಗ ಅದು ಯಾರ ಕಣ್ಣಿಗಾದರೂ ಕಾಣುವಷ್ಟು ಎತ್ತರವಿದೆ. ನಿನ್ನ ಅನಿಲವೇ, ಗುಬ್ಬಿ. ಒಳಗೆ ಇರುವುದು ಬರೀ ಕಲ್ಲು, ಬರೀ ನೀರು.

ಅದು ಕಂಡಾಗ ನನಗೆ ಮೊದಲು ಆದದ್ದು ಸಂತೋಷ. ಹೊಟ್ಟೆ ತಣ್ಣಗಾಯಿತು. ಕುರ್ಚಿಯಲ್ಲಿ ಕೂತು ನಕ್ಕೆ. ಆಮೇಲೆ ಹೆದರಿಕೆ ಶುರುವಾಯಿತು.

ಸಭೆಗೆ ಇನ್ನೂ ಆರು ವಾರವಿದೆ.

ಅಕ್ಕ


ಏಪ್ರಿಲ್ 13

ಅಕ್ಕನಿಗೆ,

ನಿನ್ನ ಕಾಗದ ಓದಿದೆ. ಸುಳ್ಳು ಹೇಳಿದ್ದಕ್ಕೆ ನಾನು ಏನೂ ಅನ್ನುವುದಿಲ್ಲ. ಅನ್ನಲು ಹೊರಟರೆ ನಿಲ್ಲಿಸಲಾರೆ.

ನಾನು ಕೇಳಿದ್ದು ಇಪ್ಪತ್ತು ದಿನ. ಅರವತ್ತು ದಿನ ನಡೆಸು ಎಂದು ಯಾರೂ ಹೇಳಲಿಲ್ಲ. ಬೇಕಾದ ಉತ್ತರ ಬರುವ ತನಕ ನಡೆಸುವುದಕ್ಕೆ ಪ್ರಯೋಗ ಎನ್ನುವುದಿಲ್ಲ. ಅದಕ್ಕೆ ಹಗೆ ಎನ್ನುತ್ತಾರೆ. ಅದೂ ಆ ಮುದಿ ಪೆಟ್ಟಿಗೆಯಲ್ಲಿ. ಒಳಗೆ ಯಾವುದೋ ಕ್ರಿಮಿ ಸತ್ತಿರಲಿಕ್ಕಿಲ್ಲ. ಮೆಲ್ಲಗೆ ಬೆಳೆದು ಅನಿಲ ಬಿಟ್ಟಿದೆ. ಹೊಟ್ಟೆಕಿಚ್ಚಿನಲ್ಲಿ ನಿನಗೆ ಅದು ಹೊಳೆಯಲಿಲ್ಲ. ಹೊಳೆದರೂ ನೋಡಲು ಮನಸ್ಸು ಬರಲಿಲ್ಲ.

ನಿನಗೆ ಯಾವತ್ತೂ ಹೀಗೇ. ನನಗೆ ವಿಜ್ಞಾನ ಸಂಸ್ಥೆಯಲ್ಲಿ ಸೀಟು ಸಿಕ್ಕ ದಿನವೂ ನೀನು ತಲೆನೋವೆಂದು ಬಾಗಿಲು ಹಾಕಿಕೊಂಡು ಮಲಗಿದ್ದೆ. ಅಮ್ಮ ಹೇಳಿದ್ದಳು. ನಾನು ನಂಬಿರಲಿಲ್ಲ.

ಇಪ್ಪತ್ತು ದಿನದ ಹಾಳೆ ಕಳಿಸು. ಮಿಕ್ಕಿದ್ದನ್ನು ನಿನ್ನ ಬಳಿಯೇ ಇಟ್ಟುಕೋ.

(ಸಹಿ ಇಲ್ಲ)


ಏಪ್ರಿಲ್ 22

ಗುಬ್ಬಿ,

ಆ ಸೀಟಿನ ಮಾತು ನೀನೇ ಎತ್ತಿದ್ದು ಒಳ್ಳೆಯದಾಯಿತು.

ನಾನು ಒಂದು ವರ್ಷ ಫೇಲಾಗಿ ನಿನ್ನ ತರಗತಿಗೇ ಬಂದಿದ್ದೆ. ಇಬ್ಬರೂ ಒಂದೇ ದಿನ, ಒಂದೇ ಬಸ್ಸಿನಲ್ಲಿ, ಒಂದೇ ಸೀಟಿಗಾಗಿ ಸಂದರ್ಶನಕ್ಕೆ ಹೋದೆವು. ನೀನು ಕಿಟಕಿಯ ಪಕ್ಕ, ಹೆದರಿ ಬೆವರುತ್ತಿದ್ದೆ. "ಬೇರೆ ಗ್ರಹದಲ್ಲಿ ಜೀವ ಇದೆಯಾ ಅಂತ ಕೇಳಿದ್ರೆ ಏನ್ ಹೇಳ್ಲಿ ಅಕ್ಕ?" ಎಂದು ಕೇಳಿದೆ. ನಾನು ಹೇಳಿದೆ, "ಜೀವ ಇದೆಯಾ ಅಂತ ಕೇಳೋಕೆ ಮುಂಚೆ, ಜೀವ ಇಲ್ದೇನೇ ಏನೇನ್ ಆಗಬಹುದು ಅಂತ ತಿಳ್ಕೋಬೇಕು ಅಂತ ಹೇಳು." ನಿನ್ನನ್ನು ಮೊದಲು ಕರೆದರು. ಆಮೇಲೆ ನನ್ನನ್ನು. ಅದೇ ಪ್ರಶ್ನೆ ಕೇಳಿದರು. ನಾನು ನನ್ನ ಮಾತು ಶುರು ಮಾಡುತ್ತಿದ್ದ ಹಾಗೇ ಅವರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. "ಈಗ ತಾನೇ ನಿಮ್ಮ ತಂಗಿ ಇದನ್ನೇ ಹೇಳಿ ಹೋದ್ರು, ನಿಮ್ಮದೇನಾದ್ರೂ ಇದ್ರೆ ಹೇಳಿ" ಎಂದರು. ನನ್ನದೇ ಅದು ಎಂದು ಹೇಗೆ ಹೇಳಲಿ? ಸುಮ್ಮನೆ ಕೂತೆ. ತಲೆನೋವು ನಿಜವಾಗಿಯೂ ಇತ್ತು.

ಹದಿನೇಳು ವರ್ಷ ಇದನ್ನು ಬಾಯಿ ಬಿಡಲಿಲ್ಲ. ಬಿಡಬಾರದೆಂದು ಅಲ್ಲ, ಹೇಳಿದರೆ ನಾನೇ ಸಣ್ಣವಳಾಗುತ್ತೇನೆ ಎಂದು.

ಇನ್ನು ಕ್ರಿಮಿಯ ಮಾತು. ನೀನು ಹೇಳುವ ಮುಂಚೆಯೇ, 6ನೇ ತಾರೀಖು ಪೆಟ್ಟಿಗೆ ತೆರೆದೆ. ಕಲ್ಲಿನ ಪುಡಿ, ನೀರು, ಮುಚ್ಚಳದ ಒಳಮೈಯಿಂದ ಒರೆಸಿ ತೆಗೆದದ್ದು, ಎಲ್ಲವನ್ನೂ ಅರವತ್ತು ಗಾಜಿನ ತಟ್ಟೆಗಳಲ್ಲಿ ಕ್ರಿಮಿಗಳ ಆಹಾರದ ಮೇಲೆ ಹಾಕಿ ಇಟ್ಟೆ. ಬದುಕಿರುವುದು ಏನಿದ್ದರೂ ಅಲ್ಲಿ ಬೆಳೆಯಬೇಕು. ನಾಲ್ಕನೆಯ ದಿನ ಒಂದು ತಟ್ಟೆಯ ಮೇಲೆ ಬಿಳಿ ಚುಕ್ಕೆ ಕಂಡಿತು. ಮುಗಿಯಿತು, ನೀನು ಗೆದ್ದೆ ಎಂದುಕೊಂಡೆ. ಆದರೂ ಭೂತಗನ್ನಡಿ ಹಿಡಿದು ನೋಡಿದೆ. ಗಾಳಿಯ ಗುಳ್ಳೆ. ನಂಬಿಕೆ ಬರದೆ ಎರಡು ವಾರ ಕಾದೆ. ಅರವತ್ತೂ ತಟ್ಟೆ ಇಂದಿಗೂ ಖಾಲಿ.

ನನ್ನ ಮನಸ್ಸು ಕೊಳಕು, ಒಪ್ಪಿದೆ. ನನ್ನ ಪೆಟ್ಟಿಗೆ ಕೊಳಕಲ್ಲ.

ಇದರೊಳಗೆ ಎರಡು ಲಕೋಟೆ ಇವೆ. ಒಂದರಲ್ಲಿ ಇಪ್ಪತ್ತು ದಿನದ ಹಾಳೆ, ಸಹಿ ಸಮೇತ. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಇನ್ನೊಂದರಲ್ಲಿ ನಾನು ದಿನವೂ ಪ್ರಯೋಗ ಬರೆದಿಡುವ ಪುಸ್ತಕದ ಪೂರ್ತಿ ನಕಲು, ಮೊದಲ ದಿನದಿಂದ ತಟ್ಟೆಗಳವರೆಗೆ. ಯಾವುದನ್ನು ತೋರಿಸುತ್ತೀಯೋ ನಿನಗೆ ಬಿಟ್ಟದ್ದು. ನಾನು ಯಾರಿಗೂ ಹೇಳುವುದಿಲ್ಲ. ಅಮ್ಮನ ಆಣೆಗೂ ಹೇಳುವುದಿಲ್ಲ.

ಅಕ್ಕ


ಮೇ 30

ಗುಬ್ಬಿ,

ಸಭೆ ಮುಗಿದು ಎರಡು ವಾರವಾಯಿತು. ಪೇಪರಿನಲ್ಲಿ ಏನೂ ಇಲ್ಲ. ಅಮ್ಮ ದಿನಾ ಹುಡುಕುತ್ತಾಳೆ. ನೀನು ಫೋನೂ ಎತ್ತುವುದಿಲ್ಲ. ನನ್ನ ಮೇಲಿನ ಸಿಟ್ಟಿಗೆ ಅವಳ ಫೋನು ಎತ್ತದಿರಬೇಡ.

ಅಕ್ಕ


ಜುಲೈ 24

ಅಕ್ಕ,

ಅಮ್ಮನ ಹತ್ತಿರ ಮಾತಾಡಿದ್ದೇನೆ. ನಿನಗೆ ಬರೆಯಲು ಮಾತ್ರ ಇಷ್ಟು ದಿನ ಬೇಕಾಯಿತು. ಒಂದು ವಿಷಯ ಖಚಿತವಾಗುವ ತನಕ ಪೆನ್ನು ಹಿಡಿಯಬಾರದೆಂದು ಕೂತಿದ್ದೆ.

ಸಭೆಗೆ ನಾನು ತೆಗೆದುಕೊಂಡು ಹೋದದ್ದು ಮೊದಲನೆಯ ಲಕೋಟೆ. ಎರಡನೆಯದೂ ಚೀಲದಲ್ಲಿತ್ತು, ಯಾಕೆ ಹಾಕಿಕೊಂಡೆನೋ ಗೊತ್ತಿಲ್ಲ. ಎಂಟುನೂರು ಜನ. ನಿನ್ನ ಇಪ್ಪತ್ತು ದಿನದ ಗೀಟನ್ನು ಪರದೆಯ ಮೇಲೆ ತೋರಿಸಿದೆ. ಚಪ್ಪಾಳೆ ಹೊಡೆದರು. ಮೇಷ್ಟ್ರು ಮುಂದಿನ ಸಾಲಿನಲ್ಲಿ ಗಡ್ಡ ಸವರಿಕೊಳ್ಳುತ್ತ ಕೂತಿದ್ದರು. ಪ್ರಶ್ನೆಗಳ ಹೊತ್ತಿಗೆ ಹಿಂದಿನಿಂದ ಒಬ್ಬ ಹೆಂಗಸು ಎದ್ದು ನಿಂತು ಬಹಳ ಮೆಲ್ಲಗೆ ಕೇಳಿದಳು, "ಇಪ್ಪತ್ತೇ ದಿನ ಯಾಕೆ?"

ಅಷ್ಟೇ ಪ್ರಶ್ನೆ. ಉತ್ತರ ನನಗೆ ಗೊತ್ತಿತ್ತು. ನಿನಗೂ ಹೇಳಿರಲಿಲ್ಲ, ಈಗ ಹೇಳುತ್ತೇನೆ. ಹೋದ ವರ್ಷವೇ ನಾನೊಂದು ಲೆಕ್ಕ ಮಾಡಿದ್ದೆ. ಕಲ್ಲು ನೀರಿನಿಂದ ಆ ಅನಿಲ ಹುಟ್ಟುವ ಹಾಗಿದ್ದರೆ ತಿಂಗಳ ಮೇಲೆಯೇ ಹುಟ್ಟಬೇಕು ಎಂದು ಲೆಕ್ಕ ಹೇಳುತ್ತಿತ್ತು. ಆ ಹಾಳೆಯನ್ನು ಡ್ರಾಯರಿನ ತಳದಲ್ಲಿ ಇಟ್ಟೆ. ನಿನಗೆ ಇಪ್ಪತ್ತು ದಿನ ಎಂದು ಬರೆದೆ. ನಿನ್ನ ಕೈಯನ್ನೇ ನಂಬುತ್ತೇನೆ ಎಂದಿದ್ದೆನಲ್ಲ, ನಿಜವಾಗಿ ನಂಬಿದ್ದು ನಿನ್ನ ವಿಧೇಯತೆಯನ್ನು. ಹೇಳಿದಷ್ಟನ್ನೇ ಮಾಡುತ್ತೀಯ, ಹೆಚ್ಚು ಕೇಳುವುದಿಲ್ಲ ಎಂದು. ನೀನು ಮಾಡಿದ ತಪ್ಪಿಗಿಂತ ಇದು ದೊಡ್ಡದು.

ಆ ಹೆಂಗಸು ನಿಂತೇ ಇದ್ದಳು. ನಾನು ಎರಡನೆಯ ಲಕೋಟೆ ತೆಗೆದೆ. "ಪ್ರಯೋಗ ಇಪ್ಪತ್ತಕ್ಕೆ ನಿಲ್ಲಲಿಲ್ಲ, ನಲವತ್ತಾರನೇ ದಿನ ಅನಿಲ ಬಂತು. ನನಗೆ ಗೊತ್ತಿದ್ದೂ ನಿಮಗೆ ತೋರಿಸಲಿಲ್ಲ" ಎಂದೆ. ನಿನ್ನ ಪುಸ್ತಕದ ಪುಟಗಳನ್ನು ಒಂದೊಂದಾಗಿ ಓದಿದೆ. ತಟ್ಟೆಗಳ ಪುಟ ಬಂದಾಗ ಜನ ಬರೆದುಕೊಳ್ಳತೊಡಗಿದರು. ಮೇಷ್ಟ್ರು ಎದ್ದು ಹೋದರು. ಅಂದಿನಿಂದ ಮಾತಿಲ್ಲ. ಮೆಟ್ಟಿಲಲ್ಲಿ ಎದುರಾದರೆ ಗೋಡೆಯ ಕಡೆ ನೋಡುತ್ತಾರೆ.

ಪ್ರಬಂಧ ಹಿಂದಕ್ಕೆ ತೆಗೆದುಕೊಂಡೆವು. ಬೇರೆ ಊರಿನ ಒಂದು ಪ್ರಯೋಗಾಲಯದಲ್ಲಿ, ಬೇರೆ ಪೆಟ್ಟಿಗೆಯಲ್ಲಿ, ಬೇರೆ ಕೈಯಿಂದ ಮತ್ತೆ ಮಾಡಿಸಿದೆ. ನಲವತ್ತೊಂಬತ್ತನೆಯ ದಿನ ಅನಿಲ ಬಂತು. ಇದು ಖಚಿತವಾಗಲೆಂದೇ ಕಾದದ್ದು.

ಬಸ್ಸಿನ ಮಾತು ನನಗೆ ನೆನಪೇ ಇಲ್ಲ, ಅಕ್ಕ. ಎಷ್ಟು ತಡಕಾಡಿದರೂ ಇಲ್ಲ. ಸಂದರ್ಶನದಲ್ಲಿ ಹೇಳಿದ್ದು ನೆನಪಿದೆ, ನನ್ನದೇ ಬುದ್ಧಿ ಎಂದು ಇಷ್ಟು ವರ್ಷ ಬೀಗಿದ್ದೂ ನೆನಪಿದೆ. ನಿನ್ನಿಂದ ತೆಗೆದುಕೊಂಡದ್ದು ತೆಗೆದುಕೊಂಡೆ ಎಂದು ಗೊತ್ತಾಗದಷ್ಟು ಸಲೀಸಾಗಿ ತೆಗೆದುಕೊಂಡಿದ್ದೇನೆ. ಇದಕ್ಕೆ ಕ್ಷಮೆ ಕೇಳುವುದು ಹೇಗೆಂದು ತಿಳಿಯುವುದಿಲ್ಲ.

ಹೊಸ ಪ್ರಬಂಧ ಬರೆದಿದ್ದೇನೆ. ಆ ಅನಿಲ ಕಂಡರೆ ಸಾಕು, ಜೀವ ಇದೆ ಎನ್ನಲಾಗದು ಎಂಬುದೇ ಅದರ ವಿಷಯ. ಮೊದಲ ಹೆಸರು ನಿನ್ನದು, ಎರಡನೆಯದು ನನ್ನದು. ಸಹಿ ಹಾಕಿ ಕಳಿಸು.

ಗುಬ್ಬಿ


ಆಗಸ್ಟ್ 9

ಗುಬ್ಬಿ,

ಸಹಿ ಹಾಕಿದ್ದೇನೆ. ಜೊತೆಗೆ ಒಂದು ತಿದ್ದುಪಡಿ. ಆರನೆಯ ಪುಟದಲ್ಲಿ "ಮುಂದಾಲೋಚನೆಯಿಂದ ಪ್ರಯೋಗವನ್ನು ಅರವತ್ತು ದಿನ ಮುಂದುವರಿಸಲಾಯಿತು" ಎಂದು ಬರೆದಿದ್ದೀಯ. ಹೊಡೆದು ಹಾಕಿದ್ದೇನೆ. "ಪ್ರಯೋಗ ನಡೆಸಿದವರು ಇಪ್ಪತ್ತನೆಯ ದಿನದ ಫಲಿತಾಂಶವನ್ನು ತಡೆಹಿಡಿದರು, ಪೆಟ್ಟಿಗೆ ನಡೆಯುತ್ತಲೇ ಇತ್ತು" ಎಂದು ಸೇರಿಸಿದ್ದೇನೆ. ಸಂಪಾದಕರು ಕಾರಣ ಕೇಳಿದರೆ ನನ್ನ ವಿಳಾಸ ಕೊಡು.

ನಿನ್ನ ಕಾಗದ ಓದಿ ಅತ್ತೆ. ಅತ್ತು ಮುಗಿಸಿದ ಮೇಲೆ, ಒಳಗೆ ಮತ್ತೆ ಅದೇ ಹಳೆಯ ಉರಿ. ಎಂಟುನೂರು ಜನರ ಎದುರು ನಿಂತು ನನ್ನದು ತಪ್ಪು ಎಂದೆಯಲ್ಲ, ಅದು ನನ್ನಿಂದ ಆಗುತ್ತಿರಲಿಲ್ಲ. ನಾನು ಒಬ್ಬಳೆದುರು ಒಪ್ಪಿಕೊಳ್ಳಲು ನಾಲ್ಕು ಕಾಗದ ಹರಿದವಳು. ಸೋಲುವುದರಲ್ಲೂ ನೀನೇ ಮುಂದೆ. ಈ ಹೊಟ್ಟೆಕಿಚ್ಚು ಹೋಗುವುದಿಲ್ಲ ಗುಬ್ಬಿ, ಅದನ್ನು ಇಟ್ಟುಕೊಂಡೇ ನಿನ್ನ ಜೊತೆ ಇರಬೇಕು ಎಂದು ತೀರ್ಮಾನಿಸಿದ್ದೇನೆ. ನಿನಗೆ ಅಡ್ಡಿ ಇಲ್ಲದಿದ್ದರೆ.

ಅಮ್ಮನಿಗೆ ಎಲ್ಲ ಹೇಳಿದೆ. ಕೇಳಿ ಮುಗಿದ ಮೇಲೆ, "ಹಾಗಾದ್ರೆ ಅಲ್ಲಿ ಯಾರೂ ಇಲ್ವಾ?" ಎಂದಳು. ಯಾರೋ ಮನೆ ಖಾಲಿ ಮಾಡಿ ಹೋದಷ್ಟು ಬೇಜಾರು ಅವಳ ದನಿಯಲ್ಲಿ. "ಇಲ್ಲ ಅಂತ ಅಲ್ಲಮ್ಮ, ಇದಾರೆ ಅಂತ ಗೊತ್ತಾಗಿಲ್ಲ ಅಷ್ಟೇ" ಎಂದೆ. "ಅಲ್ಲಿ ಬದುಕೋಕೆ ಆಗುತ್ತೋ ಇಲ್ವೋ, ಅದನ್ನಾದ್ರೂ ನೋಡ್ರಿ ಇಬ್ರೂ ಸೇರಿ" ಎಂದು ಎದ್ದು ಹೋದಳು.

ಅವಳು ಹೇಳುವ ಮುಂಚೆಯೇ ನಾನು ಶುರು ಮಾಡಿದ್ದೆ. ಜುಲೈ 18ಕ್ಕೆ ಪೆಟ್ಟಿಗೆಯೊಳಗೆ ನಿನ್ನದೇ ಗಾಳಿ, ನಿನ್ನದೇ ಕೆಂಪು ದೀಪ, ಅದೇ ಕಲ್ಲು, ಅದೇ ನೀರು. ಈ ಸಲ ಸಮುದ್ರದ ಪಾಚಿಯನ್ನೂ ಒಂದು ಚಿಟಿಕೆ ಹಾಕಿದೆ. ಅದು ಎರಡು ದಿನದಲ್ಲಿ ಬೆಳ್ಳಗಾಯಿತು, ಒಂದು ವಾರಕ್ಕೆ ಸತ್ತ ಹಾಗೆ ತಳಕ್ಕೆ ಇಳಿಯಿತು. ತೆಗೆದು ಚೆಲ್ಲಬೇಕೆಂದಿದ್ದೆ. ಸೋಮಾರಿತನಕ್ಕೆ ಬಿಟ್ಟೆ.

ಇಂದು ಇಪ್ಪತ್ತೆರಡನೆಯ ದಿನ. ಬೆಳಿಗ್ಗೆ ಹತ್ತು ಗಂಟೆಗೆ ಪೆಟ್ಟಿಗೆಯ ಪುಟ್ಟ ಕಿಟಕಿಯ ಗಾಜಿಗೆ ಕಣ್ಣಿಟ್ಟೆ. ಕಲ್ಲಿನ ಅಂಚಿನಲ್ಲಿ ಹಸಿರು ಇತ್ತು. ಉಗುರಿನಷ್ಟು ಅಗಲ. ಮೊನ್ನೆ ಇರಲಿಲ್ಲ.

ಅಲ್ಲಿ ಯಾರಾದರೂ ಇದ್ದಾರೋ ನನಗೆ ಗೊತ್ತಿಲ್ಲ. ಇರಲು ಆಗುತ್ತದೆ ಎಂಬುದನ್ನು ಮಾತ್ರ ನನ್ನ ಕಣ್ಣಾರೆ ನೋಡಿದೆ. ನೋಡಿದ ಮೊದಲನೆಯವಳು ನಾನು, ಅದು ನಿನಗೆ ಚೆನ್ನಾಗಿ ಗೊತ್ತಿರಲಿ. ಎರಡನೆಯವಳು ನೀನಾಗಬೇಕೆಂದು ಕಿಟಕಿಗೆ ಬಟ್ಟೆ ಮುಚ್ಚಿ ಬಂದಿದ್ದೇನೆ. ಮುಖ್ಯಸ್ಥರು ರಜೆಯಲ್ಲಿದ್ದಾರೆ, 18ಕ್ಕೆ ಬರುತ್ತಾರೆ. ಅಲ್ಲಿಯವರೆಗೆ ಈ ಸುದ್ದಿಯನ್ನು ತಡೆಹಿಡಿಯಬಲ್ಲೆ. ಬೇಗ ಹೊರಡು.

ಅಕ್ಕ